ಸಪ್ಲೈ ಹೇಳೋದು 5 ವೋಲ್ಟ್, ಬೋರ್ಡಿಗೆ ತಲುಪೋದು ಎಷ್ಟು?

ಕಮಲಾಪುರದ ನಮ್ಮನೆಯಲ್ಲಿ ರಜೆಗೆ ಕೂತು ಮಿನಿ ಪ್ರಾಜೆಕ್ಟ್ ಮಾಡ್ತಿದ್ದೆ. ಬಾಳೆ ತೋಟದ ಮಣ್ಣಿನ ತೇವ ನೋಡೋಕೆ ಒಂದು ರಾಸ್ಪ್‌ಬೆರಿ ಪೈ 4, ಜೊತೆಗೆ ಕ್ಯಾಮೆರಾ, ಎರಡು ಸರ್ವೋ. ಗೆಳೆಯನ ಪವರ್ ಸಪ್ಲೈ ಒಳಗೆ ಮೇಜಿನ ಮೇಲೆ, ಬೋರ್ಡ್ ಹಿತ್ತಲ ಕಟ್ಟೆ ಮೇಲೆ. ನಡುವೆ 2 ಮೀಟರ್ ತೆಳು ತಂತಿ. ರಿವ್ಯೂಗೆ ಎರಡೇ ದಿನ ಇತ್ತು. ಸರ್ವೋ ತಿರುಗಿದ ತಕ್ಷಣ ಬೋರ್ಡ್ ರೀಸ್ಟಾರ್ಟ್! ಕೋಡ್ ತಪ್ಪಿರಬೇಕು ಅಂತ ರಾತ್ರಿಯೆಲ್ಲ ಹುಡುಕಿದೆ. ಸಪ್ಲೈ ಮೀಟರ್ ಮಾತ್ರ ನೆಮ್ಮದಿಯಾಗಿ 5.0 ತೋರಿಸ್ತಿತ್ತು.

ಬೆಳಗ್ಗೆ ಅಪ್ಪ ನೋಡಿ, "ತೂಬಿನ ಹತ್ರ ನೀರು ಜೋರಾಗೇ ಇರ್ತದೆ, ಕೊನೇ ಹೊಲದಾಗ ಹೋಗಿ ನೋಡಪ್ಪ" ಅಂದರು. ಮಲ್ಟಿಮೀಟರ್ ಬೋರ್ಡಿನ ಕಡೆ ಇಟ್ಟೆ: 4.6ಕ್ಕಿಂತ ಕಡಿಮೆ.

ಲೆಕ್ಕ ಸುಲಭ. 1 ಚದರ ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.0175 ಓಮ್ ರೆಸಿಸ್ಟೆನ್ಸ್. ಕರೆಂಟ್ ಹೋಗಿ ವಾಪಸ್ಸೂ ಬರಬೇಕು. ಹಾಗಾಗಿ 2 ಮೀಟರ್ ದೂರ ಅಂದ್ರೆ 4 ಮೀಟರ್ ತಂತಿ. ನನ್ನದು 0.5 ಚದರ ಮಿ.ಮೀ.; ಒಟ್ಟು 0.14 ಓಮ್. 3 ಆಂಪಿಯರ್ ಎಳೆದಾಗ 0.42 ವೋಲ್ಟ್ ತಂತಿಯಲ್ಲೇ ಹೋಯ್ತು, ಉಳಿದದ್ದು 4.58. ಪೈ 4 ಸುಮಾರು 4.63ಕ್ಕಿಂತ ಕೆಳಗಿಳಿದರೆ ಕಡಿಮೆ ವೋಲ್ಟೇಜ್ ಎಚ್ಚರಿಕೆ ಕೊಡುತ್ತೆ. 1.5 ಚದರ ಮಿ.ಮೀ. ತಂತಿ ಹಾಕಿದೆ, ನಷ್ಟ 0.14 ವೋಲ್ಟ್‌ಗೆ ಇಳಿಯಿತು. ಕೋಡಿನ ಒಂದು ಸಾಲೂ ಮುಟ್ಟದೆ ರೀಸ್ಟಾರ್ಟ್ ನಿಂತಿತು.

ಗಮನಿಸಿ, ಆ ಹಳೇ ತಂತಿ ಬಿಸಿಯಾಗಿರಲಿಲ್ಲ. 3 ಆಂಪಿಯರ್ ಅದು ತಡೆಯುತ್ತೆ. ಆದರೆ 230 ವೋಲ್ಟ್‌ನಲ್ಲಿ ಲೆಕ್ಕಕ್ಕೇ ಬಾರದ 0.42, 5 ವೋಲ್ಟ್‌ನಲ್ಲಿ ಶೇ. 8ಕ್ಕೂ ಹೆಚ್ಚು. ಹಾಗಾಗಿ ತಂತಿ ಆರಿಸುವಾಗ ಎರಡು ಪ್ರಶ್ನೆ ಕೇಳಿ: ಶಾರ್ಟ್ ಆದರೆ ಸಪ್ಲೈ ಕೊಡುವ ಪೂರ್ತಿ ಕರೆಂಟನ್ನು ತಂತಿ ತಡೆಯುತ್ತಾ? ಲೋಡಿಗೆ ಸಾಕಾಗುವಷ್ಟು ವೋಲ್ಟೇಜ್ ಉಳಿಯುತ್ತಾ?

ಜೋಡಿಸುವಾಗ:

• ತಂತಿ ಎಷ್ಟು ಗಿಡ್ಡ ಆಗುತ್ತೋ ಅಷ್ಟು ಒಳ್ಳೇದು. ಪ್ಲಸ್, ಮೈನಸ್ ಎರಡನ್ನೂ ಹೆಣೆದು ಒಟ್ಟಿಗೆ ಒಯ್ಯಿರಿ.

• ಸ್ಕ್ರೂ ಟರ್ಮಿನಲ್‌ಗೆ ಹಾಕುವ ಎಳೆಗಳಿಗೆ ಸೋಲ್ಡರ್ ಬಳಿಯಬೇಡಿ. ಒತ್ತಡಕ್ಕೆ ಸೋಲ್ಡರ್ ನಿಧಾನವಾಗಿ ತಗ್ಗಿ ಹಿಡಿತ ಸಡಿಲ ಆಗುತ್ತೆ. ಲಗ್ ಕ್ರಿಂಪ್ ಮಾಡಿ.

• ಎರಡು ಲೋಡ್ ಇದ್ದರೆ ಪ್ರತಿಯೊಂದಕ್ಕೂ ಸಪ್ಲೈನಿಂದಲೇ ಬೇರೆ ಜೋಡಿ ತಂತಿ ಎಳೆಯಿರಿ. ಸರ್ವೋ ಮಾಡುವ ಗಲಾಟೆ ಬೋರ್ಡಿಗೆ ತಟ್ಟಬಾರದು.

• ಸಪ್ಲೈನಲ್ಲಿ ಸೆನ್ಸ್ ಟರ್ಮಿನಲ್ ಇದ್ದರೆ ಅದರ ಎರಡು ತಂತಿಯನ್ನು ಲೋಡಿನ ಬಳಿಯೇ ಜೋಡಿಸಿ, ಪ್ಲಸ್ ಪ್ಲಸ್‌ಗೇ ಹೋಗಲಿ. ಅದರಲ್ಲಿ ಲೋಡ್ ಕರೆಂಟ್ ಹರಿಯಲ್ಲ, ತೆಳು ತಂತಿ ಸಾಕು. ಕೊನೇ ಹೊಲದ ನೀರು ನೋಡಿ ತೂಬು ಎತ್ತಿದ ಹಾಗೆ, ಸಪ್ಲೈ ತಾನೇ ವೋಲ್ಟೇಜ್ ಏರಿಸಿಕೊಳ್ಳುತ್ತೆ.

ಕೊನೆಗೊಂದು ಮಾತು. ಲೋಡ್ ಓಡುತ್ತಿರುವಾಗಲೇ ಅಳೆಯಿರಿ. ಕರೆಂಟ್ ಹರಿಯದಿದ್ದರೆ ಎಂಥಾ ಕೆಟ್ಟ ತಂತಿಯೂ 5.0 ಅಂತಲೇ ತೋರಿಸುತ್ತೆ. ಮುಂದಿನ ಸಲ ಬೋರ್ಡ್ ಕೈಕೊಟ್ಟರೆ ಕೋಡ್ ಬಿಚ್ಚೋಕೆ ಮುಂಚೆ ಆ ಕೊನೆಗೆ ಹೋಗಿ ಮೀಟರ್ ಇಡಿ.