ಬಿಷ್ಕೆಕ್ ಸಂತೆಯಲ್ಲಿ ಯಾವ ಭಾಷೆ?

ಕಿರ್ಗಿಸ್ತಾನ. ಬಿಷ್ಕೆಕ್‌ನ ಓಶ್ ಬಜಾರ್.
ಒಣದ್ರಾಕ್ಷಿ ಬೇಕು, ಇಂಗ್ಲಿಷ್ ನಡೀತಿಲ್ಲ.
ಏನ್ಮಾಡ್ತೀರಿ?

"ಸ್ಕೋಲ್ಕೊ ಸ್ತೋಯಿತ್?" ಅನ್ನಿ.
ರಷ್ಯನ್‌ನಲ್ಲಿ 'ಎಷ್ಟು?' ಅಂತ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು 15 ದೇಶ ಆಯ್ತು.
ರಷ್ಯನ್ ಭಾಷೆ ಮಾತ್ರ ಹಾಗೇ ಉಳೀತು.
ಕಿರ್ಗಿಸ್ತಾನದಲ್ಲಿ ಅದು ಈಗಲೂ ಅಧಿಕೃತ.
ಅಲ್ಮಾಟಿ, ತಾಷ್ಕೆಂಟ್‌ನಲ್ಲೂ
ಟ್ಯಾಕ್ಸಿ, ಊಟ, ರೈಲು ಟಿಕೆಟ್ಟು... ನಡೆದುಹೋಗುತ್ತೆ.

ಲಿಪಿ ನೋಡಿ ಹೆದರಬೇಡಿ.
ಬೋರ್ಡಲ್ಲಿ 'ಪೆಕ್ಟೋಪಾಹ್' ಥರ ಕಂಡ್ರೆ
ಅದು 'ರೆಸ್ಟೊರಾನ್'!
ಇಂಗ್ಲಿಷಿನ 'ಪಿ' ಥರ ಕಾಣೋದು 'ರ',
'ಎಚ್' ಥರ ಕಾಣೋದು 'ನ', 'ಸಿ' ಅಂದ್ರೆ 'ಸ'.
ಹೊರಡೋ ಮುಂಚೆ ಒಂದು ವಾರ ಕೂತು ಕಲೀರಿ, ಖಂಡಿತ ಬರುತ್ತೆ.

ಆದ್ರೆ ರಷ್ಯನ್ ಅನ್ನೋದು
ಹಳೇ ಮನೆಯ ಬೀಗದ ಕೈ ಇದ್ದ ಹಾಗೆ.
ಕೆಲವು ಬಾಗಿಲು ಥಟ್ಟಂತ ತೆರೆಯುತ್ತೆ.
ಕೆಲವರು ಬೀಗಾನೇ ಬದಲಾಯಿಸಿದ್ದಾರೆ.

ಜಾರ್ಜಿಯಾದಲ್ಲಿ ರಷ್ಯಾ ಜೊತೆಗಿನ 2008ರ ಯುದ್ಧದ ಗಾಯ ಇನ್ನೂ ಹಸಿ.
ಹಿರಿಯರಿಗೆ ರಷ್ಯನ್ ಗೊತ್ತು,
ಹುಡುಗರಿಗೆ ಇಂಗ್ಲಿಷೇ ಇಷ್ಟ.
ಅಲ್ಲಿ ಮೊದಲು "ಗಮರ್ಜೋಬಾ" ಅನ್ನಿ. ನಮಸ್ಕಾರ ಅಂತ.
ಆಮೇಲೆ ಕೇಳಿ: ರಷ್ಯನ್ನಾ, ಇಂಗ್ಲಿಷಾ?

ಬಿಷ್ಕೆಕ್‌ನಲ್ಲೂ ಅಷ್ಟೇ.
ಬೆಲೆ ರಷ್ಯನ್‌ನಲ್ಲಿ ಕೇಳಿ,
ಹೊರಡುವಾಗ ಕಿರ್ಗಿಜ್‌ನಲ್ಲಿ "ರಹ್ಮತ್" ಅನ್ನಿ.