ಕಬ್ಬಿನ ಸೀಮೆಯಿಂದ ಕಾಳಿಯ ಕಾಡಿಗೆ: ತುಕ್ಕಾನಟ್ಟಿಯಿಂದ ಇಬ್ಬರ ಪಯಣ

ಘಟಪ್ರಭಾ ರೈಲು ನಿಲ್ದಾಣದ ಕಡೆಯಿಂದ ಮೂಡಲಗಿಯತ್ತ ಹೊರಟರೆ ರಸ್ತೆಯ ಎರಡೂ ಬದಿ ಕಬ್ಬು. ನಡುನಡುವೆ ಗೋವಿನಜೋಳ, ಅರಿಶಿನ, ಕಾಯಿಪಲ್ಲೆ. ತುಕ್ಕಾನಟ್ಟಿ ಈ ಸೀಮೆಯ ಊರು. ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಬೆಳಗಾವಿ ಜಿಲ್ಲೆಯ ರೈತರಿಗೆ ಇದು ಕೃಷಿ ವಿಜ್ಞಾನ ಕೇಂದ್ರದ ಊರೆಂದೇ ಪರಿಚಯ. ಬೀಜ, ಗೊಬ್ಬರ, ತರಬೇತಿ ಎಂದು ಬಂದುಹೋಗುವವರು ಬಹಳ. ಪ್ರವಾಸಕ್ಕೆಂದು ಇಲ್ಲಿ ಗಾಡಿ ನಿಲ್ಲಿಸುವವರು ಕಡಿಮೆ.

ಆದರೆ ಪಯಣ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಉತ್ತರ ಕರ್ನಾಟಕದಲ್ಲಿ ಹುಡುಕುವುದು ಕಷ್ಟ. ಇಲ್ಲಿಂದ ಮೂಡಣಕ್ಕೆ ಹೋದರೆ ಚಿಂಕಾರಗಳು ಓಡಾಡುವ ಒಣ ಮಡ್ಡಿ. ಪಡುವಣಕ್ಕೆ ಹೋದರೆ ಜಲಪಾತ, ಹಕ್ಕಿಗಳ ಹಿನ್ನೀರು, ದೊಡ್ಡ ಜಲಾಶಯ. ಆಮೇಲೆ ಸಹ್ಯಾದ್ರಿಯ ದಟ್ಟ ಅಡವಿ. ಮಲಗಲು ಹಾಸಿಗೆ, ಒಂದು ಸಣ್ಣ ಸ್ಟೋವ್, ನೀರಿನ ಕ್ಯಾನು ಇರುವ ಒಂದು ವ್ಯಾನ್ ಇದ್ದರೆ ಗಂಡ–ಹೆಂಡತಿ ಇಬ್ಬರೇ ಕೂಡಿ ಇಷ್ಟನ್ನೂ ನಿಧಾನವಾಗಿ ನೋಡಿ ಬರಬಹುದು.

ಮನೆಯನ್ನೇ ಗಾಲಿಯ ಮೇಲೆ ಹೇರಿಕೊಂಡು ಹೊರಡುವುದು ಈ ನಾಡಿಗೆ ಹೊಸದೇನೂ ಅಲ್ಲ. ಭಾರತ ಹುಣ್ಣಿಮೆ ಹತ್ತಿರವಾದರೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ, ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಕಮಾನು ಕಟ್ಟಿದ ಚಕ್ಕಡಿಗಳು ಸಾಲುಗಟ್ಟಿ ಹೊರಡುತ್ತವೆ. ಈಗ ಚಕ್ಕಡಿಗಳ ಜೊತೆಗೆ ತಾಡಪಾಲು ಹೊದಿಸಿದ ಟ್ರ್ಯಾಕ್ಟರ್ ಟ್ರೇಲರ್‌ಗಳೂ ಸೇರಿವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಮಾದಲಿ ಕಟ್ಟಿಕೊಂಡು ಹೋಗಿ, ದಾರಿಯಲ್ಲಿ ಮರದ ನೆರಳಿಗೆ ಬಿಡಾರ ಹೂಡಿ, ಮೂರು ಕಲ್ಲಿಟ್ಟು ಒಲೆ ಹಚ್ಚಿ, ಎತ್ತುಗಳಿಗೆ ಮೇವು ಹಾಕಿ ಮಲಗುವ ಪದ್ಧತಿ ತಲೆತಲಾಂತರದ್ದು. ಹೊರದೇಶಗಳಲ್ಲಿ ದಂಪತಿಗಳು ತಿಂಗಳುಗಟ್ಟಲೆ ಕ್ಯಾರವಾನ್‌ನಲ್ಲಿ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವುದನ್ನು ಕೇಳಿ ಬೆರಗಾಗುತ್ತೇವೆ. ಅದಕ್ಕೆ ಬೇಕಾದ ಸಂಯಮ, ಕಡಿಮೆ ಸಾಮಾನಿನಲ್ಲಿ ಬದುಕುವ ಕಲೆ ನಮ್ಮ ಹಿರಿಯರ ಚಕ್ಕಡಿಯಲ್ಲೇ ಇತ್ತು.

ಮೊದಲು ಮಡ್ಡಿ

ಹಸಿರು ನೋಡುವ ಮೊದಲು ಒಣನೆಲ ನೋಡಬೇಕು. ಘಟಪ್ರಭೆ ಹರಿಯುವ ದಿಕ್ಕಿನಲ್ಲೇ ಹೊರಟರೆ ರನ್ನನ ನಾಡು, ಬೇಟೆನಾಯಿಗಳಿಗೆ ಹೆಸರಾದ ಮುಧೋಳ ಸಿಗುತ್ತದೆ. ಮುಧೋಳ ಮತ್ತು ಬೀಳಗಿ ತಾಲ್ಲೂಕುಗಳ ನಡುವೆ 96.36 ಚದರ ಕಿಲೋಮೀಟರ್ ಹರಡಿದೆ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ. ಕುರುಚಲು ಗಿಡ, ಕಲ್ಲುಗುಡ್ಡ, ಒಣಹುಲ್ಲು. ಕಾಡೆಂದರೆ ಎತ್ತರದ ಮರಗಳೇ ಎಂದುಕೊಂಡವರಿಗೆ ಇದು ಬಂಜರು ಎನಿಸಬಹುದು. ಚಿಂಕಾರಕ್ಕೆ ಇದೇ ಬೇಕು. ತಿನ್ನುವ ಎಲೆ, ಹುಲ್ಲು, ಅದರ ಮೇಲಿನ ಇಬ್ಬನಿಯಲ್ಲಿ ಸಿಗುವ ತೇವದಲ್ಲೇ ಬಹಳ ದಿನ ತೂಗಿಸಬಲ್ಲ ಪ್ರಾಣಿ ಅದು. ನಾಚಿಕೆ ಹೆಚ್ಚು, ಓಟ ಜೋರು. ಬೆಳಗಿನ ತಂಪಿನಲ್ಲಿ ಸದ್ದಿಲ್ಲದೆ ಕಾದರೆ ಕಂಡೀತು. ಕಾಲುವೆಯ ನೀರು ಮುಟ್ಟದ ನೆಲ ಹೇಗಿರುತ್ತದೆ, ಅಲ್ಲೂ ಜೀವ ಹೇಗೆ ತುಂಬಿರುತ್ತದೆ ಎಂಬುದನ್ನು ಈ ಮಡ್ಡಿ ಹೇಳಿಕೊಡುತ್ತದೆ.

ಹೊಳೆಗೆ ಎದುರಾಗಿ

ಅಲ್ಲಿಂದ ಮರಳಿ ಗೋಕಾಕದತ್ತ ತಿರುಗಿದರೆ ಪಯಣ ಹೊಳೆಯ ಹರಿವಿಗೆ ಎದುರಾಗಿ ಸಾಗುತ್ತದೆ. ಗೋಕಾಕದಲ್ಲಿ ಕರದಂಟು ಕಟ್ಟಿಸಿಕೊಂಡು ಹೊರಟರೆ ಸ್ವಲ್ಪ ದೂರದಲ್ಲೇ ಜಲಪಾತ. ಕುದುರೆಲಾಳದಂತೆ ಬಾಗಿದ ಮರಳುಗಲ್ಲಿನ ಬಂಡೆಯಿಂದ ಘಟಪ್ರಭೆ ಸುಮಾರು 52 ಮೀಟರ್ ಕೆಳಗೆ ಧುಮ್ಮಿಕ್ಕುತ್ತಾಳೆ. ಮಳೆಗಾಲದಲ್ಲಿ ನೀರು ಕೆಂಪು, ಸದ್ದು ದೂರದಿಂದಲೇ ಕೇಳುತ್ತದೆ. ದಂಡೆಯಲ್ಲಿ ಮಹಾಲಿಂಗೇಶ್ವರನ ಹಳೆಯ ಗುಡಿ, ಇನ್ನೊಂದು ಕಡೆ ಈ ನೀರಿನ ಬಲ ನಂಬಿ 1885ರಲ್ಲಿ ಶುರುವಾದ ಜವಳಿ ಗಿರಣಿ, ನಡುವೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ಸೇತುವೆಗೆ ಕೆಲವೊಮ್ಮೆ ಬಾಗಿಲು ಹಾಕಿರುತ್ತಾರೆ, ಅಲ್ಲಿಯವರನ್ನು ಕೇಳಿಯೇ ಮುಂದುವರಿಯಬೇಕು. ಬಂಡೆಯ ಅಂಚಿಗೆ ಹೋಗಿ ಫೋಟೋ ತೆಗೆಯುವ ಆಸೆಯನ್ನು ಮಾತ್ರ ಬಿಡಲೇಬೇಕು. ಪಾಚಿಗಟ್ಟಿದ ಕಲ್ಲು ಯಾರನ್ನೂ ಕ್ಷಮಿಸುವುದಿಲ್ಲ.

ಗೋಕಾಕದಿಂದ ಹದಿನಾರು ಕಿಲೋಮೀಟರ್ ಅಂತರದಲ್ಲಿ ಗೊಡಚಿನಮಲ್ಕಿ. ಅಲ್ಲಿ ಮಾರ್ಕಂಡೇಯ ನದಿ ಎರಡು ಹಂತಗಳಲ್ಲಿ ಇಳಿಯುತ್ತದೆ. ಗೋಕಾಕದ್ದು ಒಂದೇ ಏಟಿಗೆ ಬೀಳುವ ನೀರು. ಇಲ್ಲಿ ಅಗಲಕ್ಕೆ ಹರಡಿ, ಬಂಡೆಯಿಂದ ಬಂಡೆಗೆ ಜಾರಿ, ಕಣಿವೆಯ ಗಿಡಗಂಟಿಗಳ ನಡುವೆ ಮರೆಯಾಗುತ್ತದೆ. ಮುಂದೆ ಇದೇ ನದಿ ಘಟಪ್ರಭೆಗೆ ಸೇರುತ್ತದೆ.

ಇನ್ನು ಧೂಪದಾಳ. ಬ್ರಿಟಿಷರ ಕಾಲದಲ್ಲಿ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಹೊಲಗಳಿಗೆ ನೀರು ತಿರುಗಿಸಲು ಇಲ್ಲಿ ಒಡ್ಡು ಕಟ್ಟಿದರು. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಇಲ್ಲಿಂದಲೇ. ಒಡ್ಡಿನ ಹಿಂದೆ ನಿಂತ ನೀರಿನಲ್ಲಿ ನಡುಗಡ್ಡೆ, ಜೊಂಡು, ಕೆಸರುದಂಡೆ ಹುಟ್ಟಿದವು. ಅದನ್ನು ಹಕ್ಕಿಗಳು ಕಂಡುಕೊಂಡವು. 1974ರಲ್ಲಿ ಗೋಕಾಕ ಮತ್ತು ಹುಕ್ಕೇರಿ ತಾಲ್ಲೂಕುಗಳ ಈ ಹೊಳೆಪಾತ್ರ ಘಟಪ್ರಭಾ ಪಕ್ಷಿಧಾಮವಾಯಿತು, ವಿಸ್ತೀರ್ಣ 29.78 ಚದರ ಕಿಲೋಮೀಟರ್. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಧ್ಯ ಏಷ್ಯಾ, ಯುರೋಪಿನ ಕಡೆಯಿಂದ ಡೆಮೊಯ್ಸೆಲ್ ಕ್ರೇನ್‌ಗಳು, ಬಿಳಿ ಕೊಕ್ಕರೆಗಳು ಬರುತ್ತವೆ. ನೀರುಕಾಗೆ, ಮಿಂಚುಳ್ಳಿ, ಬೆಳ್ಳಕ್ಕಿಗಳು ವರ್ಷವಿಡೀ ಇಲ್ಲಿಯವೇ. ರೈತನಿಗಾಗಿ ನಿಲ್ಲಿಸಿದ ನೀರು ಹಕ್ಕಿಗೂ ಮನೆಯಾಯಿತು. ಕಾಡು ಬೇರೆ, ಊರು ಬೇರೆ ಎಂದು ಗೆರೆ ಎಳೆಯುವವರು ಧೂಪದಾಳದ ದಂಡೆಯ ಮೇಲೆ ಒಂದು ಬೆಳಗು ಕಳೆಯಬೇಕು.

ಮತ್ತೂ ಮೇಲಕ್ಕೆ ಹೋದರೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್. 1977ರಲ್ಲಿ ಪೂರ್ಣಗೊಂಡ ರಾಜಾ ಲಖಮಗೌಡ ಜಲಾಶಯದಲ್ಲಿ 51 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಜಲಾಶಯ ತುಂಬುವಾಗ ಊರುಗಳು ಮುಳುಗಿದವು, ಮನೆ ಬಿಟ್ಟವರು ಬೇರೆಡೆ ಬದುಕು ಕಟ್ಟಿಕೊಂಡರು. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೆ ಕಾಣಿಸುತ್ತದೆ, ಜನ ದರ್ಶನಕ್ಕೆ ಬರುತ್ತಾರೆ. ಕೆಳಗಿನ ಕಬ್ಬಿನ ಹಸಿರಿಗೆ ಯಾರು ಬೆಲೆ ತೆತ್ತರು ಎಂಬುದನ್ನು ಪ್ರವಾಸಿಗರು ಇಲ್ಲಿ ತಿಳಿಯಬೇಕು.

ನೀರಿನ ತವರು

ಹಿಡಕಲ್‌ನಿಂದ ಹೆದ್ದಾರಿ ಹಿಡಿದು ಬೆಳಗಾವಿ ದಾಟಿ ಖಾನಾಪುರ ಮುಟ್ಟುವಷ್ಟರಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಕಬ್ಬಿನ ಬದಲು ಭತ್ತ, ಬಯಲಿನ ಬದಲು ಮರ. ಗೋಕಾಕ ಸೀಮೆಯಲ್ಲಿ ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ. ಇಲ್ಲಿ ಅದರ ಹಲವು ಪಟ್ಟು. ಇದೇ ಸಹ್ಯಾದ್ರಿ ಸಾಲಿನಲ್ಲಿ, ಮಹಾರಾಷ್ಟ್ರದ ಬದಿಯಲ್ಲಿ ಘಟಪ್ರಭೆ ಹುಟ್ಟುತ್ತಾಳೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೂಡಣಕ್ಕೆ ಹರಿದು ಕೃಷ್ಣೆ ಸೇರಿದರೆ, ಅದೇ ತಾಲ್ಲೂಕಿನ ಮಹದಾಯಿ ಪಡುವಣ ಕಡಲಿನತ್ತ ಇಳಿಯುತ್ತದೆ. ಬಯಲುಸೀಮೆಯ ನೀರಿಗೆ ಈ ಕಾಡೇ ತವರು.

ಖಾನಾಪುರದ ಭೀಮಗಡ 2011ರಲ್ಲಿ 190 ಚದರ ಕಿಲೋಮೀಟರಿನ ವನ್ಯಜೀವಿ ಧಾಮವಾಯಿತು. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನ ಅತ್ಯಪರೂಪದ ಬಾವಲಿಗಳಲ್ಲೊಂದು ನೆಲೆಸಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಹೋಗಬಾರದು ಕೂಡ. ಕೆಲವು ಕಾಡುಗಳನ್ನು ರಸ್ತೆಯಿಂದಲೇ ಕೈಮುಗಿದು ದಾಟುವುದು ಒಳ್ಳೆಯದು.

ರಾಮನಗರ, ಜಗಲಬೇಟ್ ದಾಟಿದರೆ ಗಣೇಶಗುಡಿಯಲ್ಲಿ ಕಾಳಿ ನದಿಯ ಸೂಪಾ ಅಣೆಕಟ್ಟು. ಜೊಯಿಡಾ ಕಳೆದು ಕಾರವಾರದ ದಾರಿಯಲ್ಲಿ ಅಣಶಿ. ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ತೀರ ಉತ್ತರದ್ದು ಇದು, 1987ರಲ್ಲಿ ಘೋಷಣೆಯಾಯಿತು. 2007ರಲ್ಲಿ ದಾಂಡೇಲಿ ಧಾಮದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿಯ ಹೆಸರು ಪಡೆಯಿತು. ಹುಲಿಯ ಜೊತೆಗೆ ಕರಿ ಚಿರತೆ, ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿಗಳ ಕಾಡು ಇದು. ಹಣ್ಣು ನುಂಗಿ ದೂರದಲ್ಲಿ ಬೀಜ ಬೀಳಿಸುವ ಮಂಗಟ್ಟೆಗಳು ಕಾಡನ್ನು ಮತ್ತೆ ಮತ್ತೆ ಬಿತ್ತುತ್ತವೆ. ದಾಂಡೇಲಿ ಬಳಿಯ ಕುಳಗಿಯಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ, ಮೊದಲೇ ಜಾಗ ಕಾಯ್ದಿರಿಸಿಕೊಂಡರೆ ತಂಗಬಹುದು.

ಹೊರಡುವ ಮುನ್ನ

ಒಂದೇ ಸಲಕ್ಕೆ ಎಲ್ಲವೂ ತುಂಬಿಕೊಂಡು ಸಿಗುವುದಿಲ್ಲ. ಜಲಪಾತಗಳಿಗೆ ಜುಲೈಯಿಂದ ಸೆಪ್ಟೆಂಬರ್, ಹಕ್ಕಿಗಳಿಗೆ ಚಳಿಗಾಲ, ಹುನ್ನೂರಿನ ಗುಡಿಗೆ ಬೇಸಿಗೆ. ನವೆಂಬರ್ ಹೊತ್ತಿಗೆ ಹೊರಟರೆ ಅಬ್ಬಿಯಲ್ಲಿ ತುಸು ನೀರು ಉಳಿದಿರುತ್ತದೆ, ವಲಸೆ ಹಕ್ಕಿಗಳು ಬರತೊಡಗಿರುತ್ತವೆ. ಆದರೆ ಅದೇ ಕಬ್ಬು ಕಟಾವಿನ ಹಂಗಾಮು. ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ರಸ್ತೆ ತುಂಬಿರುತ್ತವೆ, ಕತ್ತಲಾದ ಮೇಲೆ ಗಾಡಿ ಓಡಿಸದಿರುವುದೇ ಜಾಣತನ. ರಾತ್ರಿ ಬಿಡಾರಕ್ಕೆ ಧಾಬಾ, ಮಠ, ಗುಡಿಯ ಅಂಗಳ, ಹೊಲದ ಮನೆ ಯಾವುದಾದರೂ ಆಗಲಿ, ಅಲ್ಲಿಯ ಹಿರಿಯರನ್ನು ಕೇಳಿ ನಿಲ್ಲಿಸಿ. ‘ಬರ್ರಿ, ನಿಂದರ್ಸ್ರಿ’ ಎನ್ನುವವರು ಈ ಸೀಮೆಯಲ್ಲಿ ಬಹಳ. ಕಾಡಿನೊಳಗಿನ ರಸ್ತೆಯಲ್ಲಿ ಮಾತ್ರ ಬಿಡಾರ ಬೇಡ, ಒಲೆ ಬೇಡ, ಹಾರ್ನ್ ಬೇಡ, ಮಂಗಗಳಿಗೆ ತಿಂಡಿ ಹಾಕುವುದು ಬೇಡ.

ಈ ದಾರಿಯನ್ನು ಎಲ್ಲರಿಗಿಂತ ಮೊದಲು ನೋಡಬೇಕಾದವರು ನಮ್ಮ ರೈತ ದಂಪತಿಗಳೇ. ಕಬ್ಬು ಕಾರ್ಖಾನೆಗೆ ಹೋದ ಮೇಲೆ ಸಿಗುವ ಬಿಡುವಿನಲ್ಲಿ ಗಂಡ–ಹೆಂಡತಿ ಕೂಡಿ ಕಾಲುವೆ ಹಿಡಿದು ಧೂಪದಾಳಕ್ಕೆ, ಹೊಳೆ ಹಿಡಿದು ಹಿಡಕಲ್‌ಗೆ, ಅಲ್ಲಿಂದ ಘಟ್ಟದ ಕಾಡಿಗೆ ಹೋಗಿ ಬರಲಿ. ನೀರು ಎಲ್ಲಿಂದ ಬರುತ್ತದೆ ಎಂದು ಕಣ್ಣಾರೆ ಕಂಡವರು ಅದನ್ನು ಹಿತಮಿತವಾಗಿ ಬಳಸುತ್ತಾರೆ, ಆ ಕಾಡಿಗೆ ಕೊಡಲಿ ಬಿದ್ದರೆ ತಮ್ಮ ಹೊಲಕ್ಕೇ ಬಿತ್ತೆಂದು ದನಿ ಎತ್ತುತ್ತಾರೆ. ಸಹ್ಯಾದ್ರಿಗೆ ಇಂದು ಬೇಕಿರುವುದು ಅಂಥ ಬಯಲುಸೀಮೆಯ ನೆಂಟರು.