ಕಾಯಿಲೆ, ಕೂಲಿ ಮತ್ತು ಸಾಲ: ದಂಪತಿಗಳಿಗೆ ಆರೋಗ್ಯ ವಿಮೆಯ ತಿಳಿವಳಿಕೆ

ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ ಕುಟುಂಬಕ್ಕೆ ಎರಡು ವಿಧದ ನಷ್ಟ ಉಂಟಾಗುವುದು. ಔಷಧಿ, ಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆಗಳಿಗೆ ತಗಲುವ ವೆಚ್ಚ ಮೊದಲನೆಯದು. ರೋಗಿಯೂ, ಆಸ್ಪತ್ರೆಯಲ್ಲಿ ಅವರ ಆರೈಕೆಗೆ ನಿಲ್ಲುವವರೂ ಕಳೆದುಕೊಳ್ಳುವ ಕೂಲಿ ಎರಡನೆಯದು. ಮೊದಲನೆಯದು ಎಲ್ಲರ ಕಣ್ಣಿಗೂ ಕಾಣುತ್ತದೆ. ಎರಡನೆಯದನ್ನು ಲೆಕ್ಕ ಹಾಕುವವರು ವಿರಳ. ಈ ಎರಡೂ ಸೇರಿ ಬಂದಾಗ ಒಡವೆ ಗಿರವಿಗೆ ಹೋಗುತ್ತದೆ, ದನ ಮಾರಾಟವಾಗುತ್ತದೆ, ಕೊನೆಗೆ ಭೂಮಿಯೂ ಅಡವಾಗುತ್ತದೆ. ಮಕ್ಕಳ ಸಂಖ್ಯೆಯನ್ನು ಮಿತಗೊಳಿಸಿ ಅಚ್ಚುಕಟ್ಟಾಗಿ ಸಂಸಾರ ನಡೆಸುವ ದಂಪತಿಗಳೂ ಸಹ ಒಂದೇ ಒಂದು ದೊಡ್ಡ ಕಾಯಿಲೆಯಿಂದ ಸಾಲಗಾರರಾಗುವುದುಂಟು. ಆದುದರಿಂದ ಆರೋಗ್ಯ ವಿಮೆಯ ವಿಷಯವನ್ನು ಪ್ರತಿಯೊಬ್ಬ ಗಂಡ ಹೆಂಡತಿಯೂ ಕಾಯಿಲೆ ಬರುವುದಕ್ಕೆ ಮೊದಲೇ ತಿಳಿದಿರುವುದು ಅವಶ್ಯಕ.

ವಿಮೆ ಎಂದರೇನು?

“ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ವಿಮೆಯ ತತ್ತ್ವವೂ ಇದೇ. ಅನೇಕರು ಸ್ವಲ್ಪ ಸ್ವಲ್ಪ ಹಣವನ್ನು ಒಂದೆಡೆ ಕೂಡಿಡುತ್ತಾರೆ. ಅವರಲ್ಲಿ ಆ ವರ್ಷ ಯಾರು ಕಾಯಿಲೆ ಬೀಳುವರೋ ಅವರ ವೆಚ್ಚ ಅದರಿಂದ ಸಲ್ಲುತ್ತದೆ. ಕಾಯಿಲೆ ಬೀಳದವರ ಹಣ ವ್ಯರ್ಥವಾಯಿತೆಂದು ಭಾವಿಸಬಾರದು. ಇಂದು ಅವರ ಹಣ ನೆರೆಯವರಿಗೆ ಆಸರೆಯಾದರೆ, ನಾಳೆ ನೆರೆಯವರ ಹಣ ಅವರಿಗೆ ಆಸರೆಯಾಗುವುದು.

ಟಿ. ನರಸೀಪುರ ತಾಲ್ಲೂಕಿನ ಪ್ರಯೋಗ

ಈ ತತ್ತ್ವವನ್ನು ಹಳ್ಳಿಯ ಬಡವರ ಬಾಗಿಲಿಗೆ ಕೊಂಡೊಯ್ದ ಸಂಸ್ಥೆಗಳಲ್ಲಿ ಕರುಣಾ ಟ್ರಸ್ಟ್ ಒಂದು. ಲಾಭದ ಉದ್ದೇಶವಿಲ್ಲದ ಈ ಸಂಸ್ಥೆಯನ್ನು 1986ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದರು. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ನಿಯಂತ್ರಣ ಇದರ ಮೊದಲ ಕಾರ್ಯ. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರ ಈ ಸಂಸ್ಥೆಗೆ ವಹಿಸಿತು.

2002ರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ ಸಂಸ್ಥೆಯು ಸಮುದಾಯ ಆರೋಗ್ಯ ವಿಮೆಯೊಂದನ್ನು ಪ್ರಾರಂಭಿಸಿತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳು ಇದರ ಮುಖ್ಯ ಫಲಾನುಭವಿಗಳು. ಒಬ್ಬರಿಗೆ ವರ್ಷಕ್ಕೆ 22 ರೂಪಾಯಿ ಕಂತು. ಕಡುಬಡವರ ಕಂತಿಗೆ ಸಹಾಯಧನವಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದವರಿಗೆ ದಿನವೊಂದಕ್ಕೆ 100 ರೂಪಾಯಿ ಸಲ್ಲುತ್ತಿತ್ತು. ಅದರಲ್ಲಿ 50 ರೂಪಾಯಿ ಕಳೆದುಹೋದ ಕೂಲಿಗೆ ಪ್ರತಿಯಾಗಿ ರೋಗಿಯ ಕೈಗೆ. ಉಳಿದ 50 ರೂಪಾಯಿ ಆಸ್ಪತ್ರೆಯಲ್ಲಿಲ್ಲದ ಔಷಧಿಗಳ ಖರೀದಿಗೆ.

ಈ ಏರ್ಪಾಡಿನ ಹಿಂದಿನ ವಿಚಾರ ಗಮನಾರ್ಹ. ಸರ್ಕಾರಿ ಆಸ್ಪತ್ರೆ ಬಡವರಿಗೆ ಉಚಿತವೇ ಆಗಿದ್ದರೂ ಅನೇಕರು ಅಲ್ಲಿಗೆ ಬಾರದೆ ಉಳಿಯುತ್ತಾರೆ. ದಾಖಲಾದರೆ ಅಂದಿನ ಕೂಲಿ ತಪ್ಪುತ್ತದೆ, ಕೂಲಿ ತಪ್ಪಿದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕೂಲಿಯ ನಷ್ಟವನ್ನು ತುಂಬಿಕೊಟ್ಟರೆ ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವನೆಂಬುದು ಇದರ ತಿರುಳು.

ಒಂದು ಸರಳ ಲೆಕ್ಕ ನೋಡೋಣ. ಸಾವಿರ ಜನ ತಲಾ 22 ರೂಪಾಯಿ ಕೊಟ್ಟರೆ 22,000 ರೂಪಾಯಿ ಕೂಡುತ್ತದೆ. ಅವರಲ್ಲಿ ನಲವತ್ತು ಜನ ತಲಾ ಐದು ದಿನ ಆಸ್ಪತ್ರೆಯಲ್ಲಿದ್ದರೆ ಒಟ್ಟು 200 ದಿನ. ದಿನಕ್ಕೆ 100 ರೂಪಾಯಿಯಂತೆ 20,000 ರೂಪಾಯಿ. ಕೂಡಿದ ಹಣದಲ್ಲಿಯೇ ನಲವತ್ತು ಕುಟುಂಬಗಳಿಗೆ ಆಸರೆ ದೊರೆಯಿತು.

ಯಶಸ್ವಿನಿ

2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂದಿತು. ಇದರ ನಿರ್ವಹಣೆಗೂ ಒಂದು ಧರ್ಮದರ್ಶಿ ಸಂಸ್ಥೆಯನ್ನೇ ರಚಿಸಲಾಯಿತು. ಆಗ ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಂತು; ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನಗೊಂಡ ಯಶಸ್ವಿನಿ 2022-23ರಲ್ಲಿ ಪುನಃ ಪ್ರಾರಂಭವಾಗಿ, 2023ರ ಜನವರಿ 1ರಿಂದ ಚಿಕಿತ್ಸಾ ಸೌಲಭ್ಯ ದೊರೆಯತೊಡಗಿತು. ಪುನರಾರಂಭದ ವೇಳೆ ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಂತು, 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಎಂದು ನಿಗದಿಯಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಂತನ್ನು ಸರ್ಕಾರ ಭರಿಸುವುದು. ನೋಂದಣಿಗೆ ಪ್ರತಿ ವರ್ಷ ಕೊನೆಯ ದಿನಾಂಕವಿರುತ್ತದೆ. ಅದನ್ನು ಮತ್ತು ಆ ವರ್ಷದ ಕಂತನ್ನು ನಿಮ್ಮ ಸೊಸೈಟಿಯ ಕಾರ್ಯದರ್ಶಿಯವರಿಂದ ತಿಳಿದುಕೊಳ್ಳತಕ್ಕದ್ದು.

ಪಡಿತರ ಚೀಟಿಯ ಆಧಾರದ ಸೌಲಭ್ಯ

2018ರಿಂದ ಕೇಂದ್ರ ಮತ್ತು ರಾಜ್ಯದ ಯೋಜನೆಗಳು ಸೇರಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಎಂದು ನಡೆಯುತ್ತಿವೆ. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ಯಾವ ಕಂತೂ ಇಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುವುದು. ಇತರ ಕುಟುಂಬಗಳಿಗೆ ಸರ್ಕಾರ ಗೊತ್ತುಪಡಿಸಿದ ದರದ ಶೇಕಡ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯೊಳಗೆ ಸಲ್ಲುತ್ತದೆ. ಈ ಹಣ ಇಡೀ ಕುಟುಂಬಕ್ಕೆ ಸೇರಿದ್ದು, ತಲಾ ಒಬ್ಬರಿಗಲ್ಲ. ಅದು ಕೈಗೆ ಬರುವ ನಗದೂ ಅಲ್ಲ. ಆಸ್ಪತ್ರೆಗೆ ನೇರವಾಗಿ ಸಲ್ಲುತ್ತದೆ.

ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದಲ್ಲಿ ವೈದ್ಯರು ಶಿಫಾರಸು ಪತ್ರ ಕೊಡುತ್ತಾರೆ. ಅದರೊಡನೆ ಯೋಜನೆಗೆ ಒಳಪಟ್ಟ ಬೇರೆ ಆಸ್ಪತ್ರೆಗೆ ಹೋಗಬಹುದು. ಅಪಘಾತ, ಹೃದಯಾಘಾತ ಮುಂತಾದ ತುರ್ತು ಸಂದರ್ಭಗಳಲ್ಲಿ ಪತ್ರಕ್ಕಾಗಿ ಕಾಯದೆ ಯೋಜನೆಯ ಆಸ್ಪತ್ರೆಗೆ ನೇರವಾಗಿ ಹೋಗತಕ್ಕದ್ದು. ಅಲ್ಲಿರುವ ಆರೋಗ್ಯಮಿತ್ರರನ್ನು ಕಂಡರೆ ಅವರು ದಾರಿ ತೋರುವರು.

ಹೆರಿಗೆಯ ವಿಷಯ ಪ್ರತ್ಯೇಕವಾಗಿ ಹೇಳಬೇಕಾದುದು. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಮತ್ತು ವಾಹನ ಎಲ್ಲವೂ ಉಚಿತ. ಹೆರಿಗೆಯ ಅಂತರಕ್ಕೆ ವಂಕಿಯಾಗಲಿ, ಮಕ್ಕಳು ಸಾಕೆನಿಸಿದಾಗ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೇ ದೊರೆಯುತ್ತವೆ. ಇವುಗಳಿಗಾಗಿ ಯಾರೂ ಸಾಲ ಮಾಡಬೇಕಾಗಿಲ್ಲ.

ದಂಪತಿಗಳು ಮಾಡಬೇಕಾದುದು

1. ಪಡಿತರ ಚೀಟಿಯನ್ನು ಇಂದೇ ತೆಗೆದು ನೋಡಿರಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲೇ ಉಳಿದಿರುವುದೂ, ಹುಟ್ಟಿದ ಮಗುವಿನ ಹೆಸರು ಸೇರದಿರುವುದೂ ಸಾಮಾನ್ಯ. ಇದನ್ನು ಆಸ್ಪತ್ರೆಯ ಬಾಗಿಲಲ್ಲಿ ಸರಿಪಡಿಸಲಾಗದು.

2. ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರುಗಳು ಒಂದೇ ರೀತಿ ಇರುವಂತೆ ನೋಡಿಕೊಳ್ಳಿರಿ. ಇವೆರಡನ್ನೂ, ಆರೋಗ್ಯ ಕಾರ್ಡನ್ನೂ, ತಾಯಿ ಕಾರ್ಡನ್ನೂ ಒಂದೇ ಚೀಲದಲ್ಲಿಡಿರಿ. ಅದು ಎಲ್ಲಿದೆಯೆಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ.

3. ಕಾರ್ಡು ಮಾಡಿಸಿಕೊಡುವೆನೆಂದು, ಹಾಸಿಗೆ ಕೊಡಿಸುವೆನೆಂದು ಹಣ ಕೇಳುವ ಮಧ್ಯವರ್ತಿಗಳಿಗೆ ಮರುಳಾಗಬೇಡಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿರಿ.

ಕೆಲವು ಸಂದೇಹಗಳು

ಸಣ್ಣಪುಟ್ಟ ಜ್ವರಕ್ಕೂ ವಿಮೆ ಸಲ್ಲುವುದೇ? ಇಲ್ಲ. ಈ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಮೀಸಲು. ಜ್ವರ, ಕೆಮ್ಮುಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ.

ವಿಮೆ ಇದೆಯೆಂದು ವೈದ್ಯರು ಹೇಳಿದ ಆಪರೇಷನ್‌ಗಳನ್ನೆಲ್ಲ ಮಾಡಿಸಿಕೊಳ್ಳಬಹುದೇ? ಅವಸರ ಸಲ್ಲದು. ಬಿಳಿ ಮುಟ್ಟು, ಹೊಟ್ಟೆನೋವುಗಳಿಗಾಗಿ ಗರ್ಭಕೋಶವನ್ನೇ ತೆಗೆಸಿರೆಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ಒಮ್ಮೆ ತೋರಿಸಿರಿ. ಅನೇಕ ವೇಳೆ ಔಷಧಿಯಿಂದಲೇ ಗುಣವಾಗುತ್ತದೆ. ತೆಗೆದ ಅಂಗವನ್ನು ಮರಳಿ ಪಡೆಯಲಾಗದು.

ಗಂಡಂದಿರಿಗೆ ಒಂದು ಮಾತು. ಮನೆಯ ಹೆಣ್ಣುಮಕ್ಕಳು ತಮ್ಮ ನೋವನ್ನು “ಸುಗ್ಗಿ ಮುಗಿಯಲಿ, ದುಡ್ಡು ಬರಲಿ” ಎಂದು ಮುಂದೂಡುತ್ತಾರೆ. ದುಡ್ಡಿನ ಚಿಂತೆಗೆ ಈಗ ದಾರಿಯುಂಟು. ಸುಗ್ಗಿ ಮರುವರ್ಷವೂ ಬರುತ್ತದೆ. ಬೆಳೆಗೆ ರೋಗ ತಗುಲಿದಾಗ ತಡಮಾಡದೆ ಔಷಧಿ ಹೊಡೆಯುವ ರೈತನು ಮನೆಯಾಕೆಯ ಕಾಯಿಲೆಯಲ್ಲೂ ಅಷ್ಟೇ ಎಚ್ಚರ ವಹಿಸಿದರೆ ಆ ಮನೆಯಲ್ಲಿ ಆರೋಗ್ಯವೂ ಉಳಿಯುವುದು, ಹೊಲವೂ ಉಳಿಯುವುದು.